ಇಸ್ತ್ರಿಯಮ್ಮ ಟಾರ್ಚು ಆರಿಸಿದ್ದು

ಇಸ್ತ್ರಿಯಮ್ಮ ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ ಚೇಳಿಗೆ ಇಸ್ತ್ರಿ ಹಾಕಿದ್ದಳು. ಬೇಕೆಂದು ಹಾಕಿದ್ದಲ್ಲ. ಮರಳುಗಾಡಿನ ಅಂಚಿನ ಆ ಅತಿಥಿಗೃಹದಲ್ಲಿ ರಾತ್ರಿಯಿಡೀ ತಂತಿಯ ಮೇಲೆ ಒಣಗಿದ ಹಾಸುಬಟ್ಟೆಗಳನ್ನು ಮೇಜಿಗೆ ಹಾಕುವ ಮೊದಲು ಮೂರು ಸಲ ಕೊಡವಬೇಕು ಎನ್ನುವುದು ಅವಳೇ ಮಾಡಿಕೊಂಡ ಕಟ್ಟಳೆ. ಮೊದಲ ಸಲಕ್ಕೆ ಮರಳು ಉದುರುತ್ತದೆ, ಎರಡನೇ ಸಲಕ್ಕೆ ಹುಳಹುಪ್ಪಟೆ, ಮೂರನೇ ಸಲಕ್ಕೆ ಚೇಳು. ಆವತ್ತು ಐದು ಜೀಪು ತುಂಬ ಜನ ಒಟ್ಟಿಗೆ ಬಂದಿಳಿದದ್ದರಿಂದ, ಗಡಿಬಿಡಿಯಲ್ಲಿ ಎರಡೇ ಸಲ ಕೊಡವಿದಳು. ಕೆಂಡದ ಇಸ್ತ್ರಿಪೆಟ್ಟಿಗೆ ಮಡಿಕೆಯ ಮೇಲೆ ಹೋದಾಗ ಚರ್ ಎಂದಿತು. ಬಿಡಿಸಿ ನೋಡಿದರೆ ಕೊಂಡಿ, ಕಾಲು, ಮುಂಗೈ ಇಕ್ಕಳ ಎಲ್ಲವೂ ಅಚ್ಚುಕಟ್ಟಾಗಿ ಚಪ್ಪಟೆಯಾಗಿ, ಪುಸ್ತಕದೊಳಗೆ ಒತ್ತಿಟ್ಟ ಹೂವಿನ ಹಾಗೆ ಮಲಗಿತ್ತು.

"ಎಸಿ ಅತ್ತಿಗೆ ಅದನ್ನ, ನೋಡಿದ್ರೆ ಮೈ ಜುಮ್ ಅನ್ನುತ್ತೆ," ಎಂದಳು ನಾದಿನಿ.

"ಇಷ್ಟು ಚೆನ್ನಾಗಿ ಕೂತ ಇಸ್ತ್ರಿ ಯಾರಾದ್ರೂ ಎಸೀತಾರೇನೆ?" ಎಂದು ಇಸ್ತ್ರಿಯಮ್ಮ ಅದನ್ನು ಗುಂಡಿಗಳ ಡಬ್ಬಿಗೆ ಹಾಕಿ ಇಟ್ಟುಕೊಂಡಳು.

ನಾದಿನಿ ಅದೇ ಅತಿಥಿಗೃಹದ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವವಳು. ಇಬ್ಬರೂ ಹಿತ್ತಿಲಾಚೆಯ ಒಂದೇ ಕೋಣೆಯಲ್ಲಿದ್ದರು. ಇಸ್ತ್ರಿಯಮ್ಮನ ಗಂಡ ತೀರಿಕೊಂಡು ಹನ್ನೊಂದು ವರ್ಷ. ಅವನು ತನಗೆ ಬಿಟ್ಟುಹೋದ ಆಸ್ತಿ ಎಂದರೆ ಈ ತಂಗಿ ಎಂದು ಇಸ್ತ್ರಿಯಮ್ಮ ಹೇಳುತ್ತಿದ್ದಳು. ಅಣ್ಣ ಹೋಗುವಾಗ ತನ್ನ ಕೊರಳಿಗೆ ಕಟ್ಟಿಹೋದ ಗುಂಡುಕಲ್ಲು ಎಂದರೆ ಈ ಅತ್ತಿಗೆ ಎಂದು ನಾದಿನಿ ಹೇಳುತ್ತಿದ್ದಳು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಬೈದುಕೊಂಡೇ ಗಂಜಿ ಕಾಯಿಸುತ್ತಿದ್ದಳು.

ಮೂವತ್ತು ವರ್ಷ ಇಸ್ತ್ರಿ ಮಾಡಿಕೊಂಡೇ ನಡೆದ ಗಾಡಿಗೆ ಕಲ್ಲು ಅಡ್ಡ ಬಂದದ್ದು ಒಂದು ಯಂತ್ರದ ರೂಪದಲ್ಲಿ. ಎರಡು ದೊಡ್ಡ ಉರುಳೆಗಳ ನಡುವೆ ಒದ್ದೆ ಹಾಸುಬಟ್ಟೆ ತುರುಕಿದರೆ ಆ ಕಡೆ ಬಿಸಿಬಿಸಿಯಾಗಿ, ನುಣ್ಣಗೆ ಹೊರಗೆ ಬರುತ್ತಿತ್ತು. ಮೊದಲು ಹಾಸುಬಟ್ಟೆ ಹೋಯಿತು, ಆಮೇಲೆ ದಿಂಬಿನ ಚೀಲ, ಆಮೇಲೆ ಟವಲು. ಕೊನೆಗೆ ಮ್ಯಾನೇಜರರು ಕರೆದು, ಅಂಗಿ ಕರವಸ್ತ್ರಗಳಿಗೂ ಇನ್ನೊಂದು ಚಿಕ್ಕ ಯಂತ್ರ ಬರುತ್ತಿದೆ, ತಿಂಗಳ ಕೊನೆಗೆ ಲೆಕ್ಕ ಮುಗಿಸಿಬಿಡೋಣ ಎಂದರು.

ಮ್ಯಾನೇಜರರು ಕೆಟ್ಟವರಲ್ಲ. ಅವರಿಗಿದ್ದದ್ದು ಒಂದೇ ಚಟ, ಬಿಳುಪು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಕರವಸ್ತ್ರ, ಕೊನೆಗೆ ಬೂಟಿನ ಲಾಡಿಯೂ ಬಿಳಿ. ಅವರು ನಡೆದು ಬಂದರೆ ಸುಣ್ಣ ಹೊಡೆದ ಗೋಡೆಯೇ ಎದ್ದು ಬಂದ ಹಾಗಿರುತ್ತಿತ್ತು. ಆ ಬಿಳುಪನ್ನು ಮೂವತ್ತು ವರ್ಷ ಕಾಪಾಡಿದವಳು ಇಸ್ತ್ರಿಯಮ್ಮನೇ. ಅವರ ಎದುರು ಅವಳು ಅಷ್ಟೂ ವರ್ಷಗಳಲ್ಲಿ ಆಡಿದ ಮಾತು ಎರಡೇ: "ಆಯ್ತು ಸಾರ್", "ಆಗಲಿ ಸಾರ್".

ಆವತ್ತು ಮಾತ್ರ ಮೂರನೆಯದೊಂದು ಬಾಯಿಂದ ಹೊರಬಿತ್ತು. "ರಾತ್ರಿ ಗೈಡಿನ ಕೆಲಸ ಖಾಲಿ ಇದೆಯಲ್ಲ ಸಾರ್, ಅದನ್ನ ನನಗೇ ಕೊಡಿ."

ಹಳೆಯ ಗೈಡು ಮಂಡಿನೋವೆಂದು ಬಿಟ್ಟುಹೋಗಿ ಎರಡು ತಿಂಗಳಾಗಿತ್ತು. ಅವನು ಲಾಟೀನು ಹಿಡಿದು ಹೋಗಿ ದೂರದಲ್ಲೊಂದು ನರಿ ತೋರಿಸಿ ಕರೆದು ತರುತ್ತಿದ್ದ. ಈಗಿನ ಅತಿಥಿಗಳಿಗೆ ನರಿ ಸಾಲದು. ನೇರಳೆ ಬೆಳಕು ಬಿಟ್ಟರೆ ಚೇಳು ಹಸಿರಾಗಿ ಹೊಳೆಯುತ್ತದಂತೆ, ಅದನ್ನು ತೋರಿಸಿ ಎಂದು ಬಂದವರೆಲ್ಲ ಕೇಳುತ್ತಿದ್ದರು. ಕಾಲೇಜು ಓದಿದ ಯಾರನ್ನಾದರೂ ಪಟ್ಟಣದಿಂದ ಕರೆಸುವ ಯೋಚನೆ ಮ್ಯಾನೇಜರರದು.

"ನೀವಾ?" ಎಂದರು ಮ್ಯಾನೇಜರರು. "ಚೇಳಿನ ಬಗ್ಗೆ ನಿಮಗೇನು ಗೊತ್ತು?"

"ನಾಲ್ಕು ಸಲ ಕಚ್ಚಿಸಿಕೊಂಡಿದೀನಿ ಸಾರ್. ಯಾವ ಕಲ್ಲಿನ ಕೆಳಗೆ ಯಾವುದು ಇರುತ್ತೆ, ಯಾವುದು ಕಚ್ಚಿದ್ರೆ ಎಷ್ಟು ಹೊತ್ತು ಉರಿಯುತ್ತೆ, ಎಲ್ಲಾ ಗೊತ್ತು. ಬೆಳದಿಂಗಳಲ್ಲಿ ಹೊರಗೇ ಬರಲ್ಲ ಅವು, ಅದೂ ಗೊತ್ತು."

ಮ್ಯಾನೇಜರರು ಯೋಚಿಸಿ ಒಂದು ಷರತ್ತು ಹಾಕಿದರು. ಬರುವ ಶನಿವಾರ ಚಂದ್ರನಿಲ್ಲದ ರಾತ್ರಿ. ತಾವೇ ಜೊತೆಗೆ ಬರುತ್ತಾರೆ. ಒಂದು ಗಂಟೆಯೊಳಗೆ ಮೂರು ಚೇಳು ತೋರಿಸಬೇಕು, ಅದೂ ಐದು ಹೆಜ್ಜೆ ದೂರದಿಂದ, ಏಕೆಂದರೆ ಅತಿಥಿಗಳನ್ನು ಅದಕ್ಕಿಂತ ಹತ್ತಿರ ಬಿಡುವ ಹಾಗಿಲ್ಲ. ತೋರಿಸಿದರೆ ಕೆಲಸ ಅವಳದು. ಇಲ್ಲದಿದ್ದರೆ ಸೋಮವಾರ ಪಟ್ಟಣದವನಿಗೆ ಫೋನು.

"ಆಯ್ತು ಸಾರ್," ಎಂದಳು ಇಸ್ತ್ರಿಯಮ್ಮ.

ಟಾರ್ಚು ತರಲು ಅತ್ತಿಗೆ ನಾದಿನಿ ಇಬ್ಬರೂ ಬುಧವಾರ ಬಸ್ಸು ಹತ್ತಿ ಪೇಟೆಗೆ ಹೋದರು. ಟಾರ್ಚು ಪರೀಕ್ಷೆ ಮಾಡಲು ಚೇಳು ಬೇಕಲ್ಲ? ಇಸ್ತ್ರಿಯಮ್ಮ ಆ ಇಸ್ತ್ರಿ ಮಾಡಿದ ಚೇಳನ್ನೇ ಅತಿಥಿಗೃಹದ ಹಳೆಯ ಬಿಳಿ ಕರವಸ್ತ್ರವೊಂದರಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಸತ್ತ ಚೇಳೂ ಆ ಬೆಳಕಿಗೆ ಹೊಳೆಯುತ್ತದೆ ಎಂದು ಹಿಂದಿನ ವರ್ಷ ಬಂದಿದ್ದ ಗಡ್ಡದ ಅತಿಥಿಯೊಬ್ಬ ಹೇಳಿದ್ದು ಅವಳಿಗೆ ನೆನಪಿತ್ತು. ಬಸ್ಸಿನಲ್ಲಿ ಪಕ್ಕದ ಹೆಂಗಸು, "ಏನಮ್ಮ ಅದು, ಒಡವೆನಾ? ಜೋಪಾನ," ಎಂದಳು.

"ಒಡವೆನೇ," ಎಂದಳು ನಾದಿನಿ. "ಮುಟ್ಟಿದ್ರೆ ಮೈತುಂಬ ಹಾಕ್ಕೊಂಡ ಹಾಗಾಗುತ್ತೆ."

ಪೇಟೆಯಲ್ಲಿ ಬಲ್ಬು, ಸೆಲ್ಲು, ವೈರು ಮಾರುವ ಅಂಗಡಿಯವನನ್ನು ಎಲ್ಲರೂ ಮಿಣುಕಣ್ಣ ಎನ್ನುತ್ತಿದ್ದರು. ಅಂಗಡಿಯಲ್ಲಿ ನೂರು ದೀಪ ಉರಿಯುತ್ತಿದ್ದರೂ ಲೆಕ್ಕ ಬರೆಯುವ ಅವನ ಮೇಜಿನ ಮೇಲೆ ಮಾತ್ರ ಕತ್ತಲೆ. ಇವರ ಮಾತು ಕೇಳಿ ಅವನು ಎರಡು ಟಾರ್ಚು ಮುಂದಿಟ್ಟ.

ಒಂದು ಸೋರೆಕಾಯಿಯಷ್ಟು ದಪ್ಪ. ಬಾಯಿ ತುಂಬ ಐವತ್ತೊಂದು ಪುಟ್ಟ ಬಲ್ಬು, ದಾಳಿಂಬೆ ಬೀಜದ ಹಾಗೆ. ಒತ್ತಿದರೆ ಅಂಗಡಿಯೆಲ್ಲ ನೇರಳೆ. ಮೈಮೇಲೆ ಬೆಳಕಿನ ಅಲೆಯ ಅಳತೆ, ಮುನ್ನೂರ ತೊಂಬತ್ತೈದು ಎಂದು ಬರೆದಿತ್ತು. ಇನ್ನೊಂದು ಲಟ್ಟಣಿಗೆಯ ತುಂಡಿನಷ್ಟು. ಬಾಯಿಗೆ ಕಪ್ಪು ಗಾಜು, ಒಳಗೆ ಒಂದೇ ಬಲ್ಬು. ಮೈಮೇಲೆ ಮುನ್ನೂರ ಅರವತ್ತೈದು. ಒತ್ತಿದರೆ ಹೊತ್ತಿಕೊಂಡಿತೋ ಇಲ್ಲವೋ ತಿಳಿಯದು.

"ಇದಕ್ಕೆ ಸೆಲ್ ಹಾಕಿಲ್ಲ," ಎಂದಳು ನಾದಿನಿ.

"ಹಾಕಿದೀನಿ ತಾಯಿ. ಅದು ಇರೋದೇ ಹಾಗೆ. ಕಣ್ಣಿಗೆ ಕಾಣೋ ಬೆಳಕನ್ನ ಆ ಕಪ್ಪು ಗಾಜು ತಡೆಯುತ್ತೆ, ಕಾಣದ ಬೆಳಕನ್ನ ಮಾತ್ರ ಬಿಡುತ್ತೆ. ಕಾಣಲ್ಲ ಅಂತ ಅದರೊಳಗೆ ಇಣುಕಬೇಡಿ, ಕಣ್ಣು ಹೋಗುತ್ತೆ. ಹಳದಿ ಕನ್ನಡಕ ಜೊತೆಗೇ ಕೊಡ್ತೀನಿ."

"ಕಾಣದ ಬೆಳಕಿಗೆ ದುಡ್ಡು ಕೊಡಬೇಕಾ? ಹಾಗಾದ್ರೆ ಕಾಣದ ದುಡ್ಡು ಕೊಡ್ತೀವಿ, ತಗೊಳ್ಳಿ."

"ಸುಮ್ನಿರೇ," ಎಂದಳು ಇಸ್ತ್ರಿಯಮ್ಮ. "ಎರಡರಲ್ಲಿ ಯಾವುದು ಒಳ್ಳೇದು ಮಿಣುಕಣ್ಣ?"

"ಚೇಳಿಗೆ ಚಿಕ್ಕದೇ ಸರಿ. ದೊಡ್ಡದರ ನೇರಳೆ ನೆಲದ ಮೇಲೆಲ್ಲ ಹರಡಿಕೊಂಡು ಚೇಳಿನ ಹೊಳಪನ್ನ ಮುಚ್ಚಿಬಿಡುತ್ತೆ."

"ಸಂಖ್ಯೆ ನೋಡು ಅತ್ತಿಗೆ," ಎಂದು ನಾದಿನಿ ಪಿಸುಗುಟ್ಟಿದಳು. "ದೊಡ್ಡದರಲ್ಲಿ ಮೂವತ್ತು ಜಾಸ್ತಿ ಇದೆ. ಅದೇನಾದ್ರೂ ಇರಲಿ, ಮೂವತ್ತು ಯಾಕೆ ಬಿಡಬೇಕು?"

ಕೊನೆಗೆ ಮಿಣುಕಣ್ಣ ಅವರನ್ನು ಹಿಂದಿನ ಸಾಮಾನಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ. ಇಸ್ತ್ರಿಯಮ್ಮ ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಕರವಸ್ತ್ರ ಬಿಡಿಸಿ, ನಡುವೆ ಚೇಳನ್ನು ಮಲಗಿಸಿದಳು. ಮಿಣುಕಣ್ಣ ಹೌಹಾರಿ ಹಿಂದಕ್ಕೆ ಸರಿದು ವೈರಿನ ಸುರುಳಿಯೊಳಗೆ ಕೂತುಬಿಟ್ಟ.

"ಹೆದರಬೇಡಿ," ಎಂದಳು ನಾದಿನಿ. "ಇಸ್ತ್ರಿ ಆಗಿದೆ."

ಮೊದಲು ದೊಡ್ಡ ಟಾರ್ಚು. ಗೋಡೆ, ಪೆಟ್ಟಿಗೆ, ಕರವಸ್ತ್ರ, ಮಿಣುಕಣ್ಣನ ಬೋಳುತಲೆ ಎಲ್ಲವೂ ನೇರಳೆಯಾದವು. ಚೇಳು ಮಂಕಾಗಿ ಹಸಿರು ಮಿನುಗಿತು. ಇಸ್ತ್ರಿಯಮ್ಮನಿಗೆ ಸಂತೋಷವಾಯಿತು. ಆಮೇಲೆ ಚಿಕ್ಕದು. ಕೋಣೆ ಕತ್ತಲಾಗಿಯೇ ಉಳಿಯಿತು. ಆದರೆ ಆ ಕತ್ತಲ ನಡುವೆ ಕರವಸ್ತ್ರ ಟ್ಯೂಬ್‌ಲೈಟಿನ ಹಾಗೆ ಝಗ್ಗೆಂದು ನೀಲಿ ಬಿಳುಪಾಗಿ ಹೊತ್ತಿಕೊಂಡಿತು. ಚೇಳನ್ನು ನೋಡುವುದಕ್ಕೆಂದು ಬಂದವಳ ಕಣ್ಣು, ಮೂವತ್ತು ವರ್ಷದ ಅಭ್ಯಾಸ ನೋಡಿ, ಬಟ್ಟೆಯ ಮೇಲೇ ಹೋಯಿತು.

ಕರವಸ್ತ್ರದ ಮೂಲೆಯಲ್ಲಿ ಅಂಗೈಯಗಲದ ಒಂದು ಕಲೆ! ಪಕ್ಕದಲ್ಲಿ ಇನ್ನೊಂದು. ಅಂಚಿನಲ್ಲಿ ಯಾರೋ ತುಟಿ ಒರೆಸಿಕೊಂಡ ಗುರುತು. ಹಗಲು ಬೆಳಕಿನಲ್ಲಿ ಹಾಲಿನಂತಿದ್ದ ಬಟ್ಟೆಯ ಮೇಲೆ ಈಗ ಸೀಮೆಯ ನಕ್ಷೆಯೇ ಮೂಡಿತ್ತು. ಅವಳೇ ನೀಲಿಯಲ್ಲಿ ಅದ್ದಿ, ಬಿಳುಪಿನ ಪುಡಿ ಹಾಕಿ ಒಗೆಸಿ, ಅವಳೇ ಮಡಚಿದ ಬಟ್ಟೆ.

"ಅಯ್ಯೋ ಅತ್ತಿಗೆ," ಎಂದಳು ನಾದಿನಿ, "ಇದು ಒಗೆದಿದ್ದಾ, ಒಗೆಯೋದಾ?"

ಇಸ್ತ್ರಿಯಮ್ಮನ ಕಿವಿ ಕಾದ ಪೆಟ್ಟಿಗೆಯಷ್ಟು ಬಿಸಿಯಾಯಿತು. ಅಂಗಡಿಯವನ ಎದುರು ಮಾನ ಹೋಯಿತಲ್ಲ! "ಈ ಟಾರ್ಚು ಸುಳ್ಳು ಹೇಳುತ್ತೆ," ಎಂದಳು ಗಟ್ಟಿಯಾಗಿ. "ಇಲ್ಲದ್ದನ್ನ ಇದೆ ಅಂತ ತೋರಿಸೋ ಟಾರ್ಚು ಹಿಡ್ಕೊಂಡು ಮರಳುಗಾಡಿಗೆ ಹೋದ್ರೆ ಇಲ್ಲದ ಚೇಳನ್ನೂ ತೋರಿಸುತ್ತೆ. ನನಗೆ ಬೇಡ. ದೊಡ್ಡದನ್ನೇ ಕಟ್ಟಿ."

"ತಾಯಿ, ನಾನು ಹೇಳೋದು ಕೇಳಿ..."

"ಕಟ್ಟಿ ಅಂದೆ."

ಅವಳ ಮೂಗಿನ ಮೇಲಿನ ಕೋಪ ನೋಡಿ ಮಿಣುಕಣ್ಣ ಕಟ್ಟಿಕೊಟ್ಟ.

ಆವತ್ತು ಸಂಜೆ ಕತ್ತಲಾಗುತ್ತಲೇ ಹಿತ್ತಿಲಲ್ಲಿ ಪರೀಕ್ಷೆ. ಇದ್ದಿಲ ರಾಶಿಯ ಬುಡದಲ್ಲಿ ಒಂದು ಚೇಳು ಕಾಯಂ ವಾಸವಾಗಿದೆ ಎಂದು ಇಸ್ತ್ರಿಯಮ್ಮನಿಗೆ ಗೊತ್ತಿತ್ತು. ಒಂದು ಮೊಳ ದೂರದಿಂದ ಸೋರೆಕಾಯಿ ಟಾರ್ಚು ಹಿಡಿದರೆ ಅದು ಹಸಿರಾಗಿ ಕಂಡಿತು. ಎರಡು ಹೆಜ್ಜೆ ಹಿಂದೆ ಸರಿದಳು, ಇದ್ದಿಲೂ ನೇರಳೆ, ಚೇಳೂ ನೇರಳೆ. ಐದು ಹೆಜ್ಜೆ ಸರಿದಳು, ಇಡೀ ಹಿತ್ತಿಲು ನೇರಳೆ ಹಣ್ಣು ಜಜ್ಜಿ ಬಳಿದ ಹಾಗೆ. ಚೇಳು ಎಲ್ಲೋ, ತಾನು ಎಲ್ಲೋ.

"ಮೂವತ್ತು ಜಾಸ್ತಿ ಇತ್ತಲ್ಲ, ಅದೆಲ್ಲಿ ಹೋಯ್ತೇ?" ಎಂದಳು ಇಸ್ತ್ರಿಯಮ್ಮ.

ನಾದಿನಿ ಆಕಾಶ ನೋಡಿದಳು.

ಇಸ್ತ್ರಿಯಮ್ಮ ಒಳಗೆ ಹೋಗಿ ಆ ಕರವಸ್ತ್ರವನ್ನು ಬಿಡಿಸಿಕೊಂಡು ದೀಪದ ಕೆಳಗೆ ಕೂತಳು. ಮೂಲೆಯನ್ನು ಬೆರಳಿನಿಂದ ಸವರಿದಳು. ಮೂಸಿದಳು. ನಾಲಿಗೆಯ ತುದಿಗೂ ತಾಗಿಸಿದಳು. ಎಣ್ಣೆಯ ಜಿಡ್ಡು, ತೆಳ್ಳಗೆ, ಆದರೆ ಇತ್ತು. ನಾದಿನಿ ಹಾಸಿಗೆ ಬಿಡಿಸುತ್ತ ಓರೆಗಣ್ಣಿನಲ್ಲಿ ನೋಡಿ, "ಬೆಳ್ಳಗಿರೋದೆಲ್ಲ ಹಾಲಲ್ಲ ಅತ್ತಿಗೆ," ಎಂದಳು. ಯಾವತ್ತೂ ಇಲ್ಲದ ಮೆದುದನಿಯಲ್ಲಿ ಹೇಳಿದ್ದರಿಂದ ಅದು ಇನ್ನೂ ಚುಚ್ಚಿತು.

ಶುಕ್ರವಾರ ಮತ್ತೆ ಬಸ್ಸು. ಮಿಣುಕಣ್ಣನ ಗೋಡೆಯ ಮೇಲೆ ಮಾರಿದ ಮಾಲು ವಾಪಸು ಇಲ್ಲ ಎಂಬ ಹಲಗೆ ತೂಗುತ್ತಿತ್ತು. ಅವನು ಅದರ ಕಡೆ ಬೆರಳು ತೋರಿಸಿದ.

"ನನಗೆ ಓದೋಕೆ ಬರಲ್ಲ," ಎಂದಳು ಇಸ್ತ್ರಿಯಮ್ಮ.

"ನಾನು ಓದಿ ಹೇಳ್ತೀನಿ."

"ಹೇಳಬೇಡಿ. ನಾಳೆ ರಾತ್ರಿ ಮೂರು ಚೇಳು ತೋರಿಸದೇ ಹೋದ್ರೆ ನನ್ನ ಅನ್ನ ಹೋಗುತ್ತೆ ಮಿಣುಕಣ್ಣ. ಬದಲಾಯಿಸಿ ಕೊಡಿ."

ಮಿಣುಕಣ್ಣ ಗಲ್ಲ ಕೆರೆದುಕೊಂಡ. "ಕೊಡ್ತೀನಿ. ಆದ್ರೆ ನನ್ನ ಟಾರ್ಚಿನ ಮೇಲೆ ಸುಳ್ಳಿನ ಆಪಾದನೆ ಹೊರಿಸಿದ್ರಲ್ಲ, ಆವತ್ತಿಂದ ನನಗೆ ಊಟ ಸೇರ್ತಿಲ್ಲ. ಅದು ಸುಳ್ಳು ಹೇಳ್ತಾ?"

ಅಂಗಡಿಯಲ್ಲಿ ಇನ್ನೂ ಮೂವರು ಗಿರಾಕಿಗಳಿದ್ದರು. ಇಸ್ತ್ರಿಯಮ್ಮ ಅವರನ್ನೆಲ್ಲ ಒಮ್ಮೆ ನೋಡಿ, ಸೆರಗು ಬಿಗಿ ಮಾಡಿಕೊಂಡಳು. "ಇಲ್ಲ. ಕಲೆ ಇತ್ತು. ನನ್ನ ಕಣ್ಣಿಗೆ ಕಾಣಲಿಲ್ಲ, ಅದರ ಕಣ್ಣಿಗೆ ಕಾಣಿಸ್ತು."

ಮಿಣುಕಣ್ಣ ಚಿಕ್ಕ ಟಾರ್ಚನ್ನು ಎರಡು ಕೈಯಲ್ಲಿ ಎತ್ತಿ ಕೊಟ್ಟ. ಅದಕ್ಕೆ ಹೆಚ್ಚಿಗೆ ಬರಬೇಕಿದ್ದ ದುಡ್ಡನ್ನೂ ಕೇಳಲಿಲ್ಲ.

ಶನಿವಾರ ರಾತ್ರಿ ಊಟದ ಗದ್ದಲ ಮುಗಿದ ಮೇಲೆ ಮೂವರೂ ಹೊರಟರು. ನಾದಿನಿಗೆ ಕರೆ ಇರಲಿಲ್ಲ. ನೀರಿನ ತಂಬಿಗೆ ಹಿಡಿಯಲು ಯಾರಾದರೂ ಬೇಕಲ್ಲ ಎಂದು ತನ್ನನ್ನು ತಾನೇ ನೇಮಿಸಿಕೊಂಡಿದ್ದಳು. ಚಳಿಗೆ ಕರಿ ಕಂಬಳಿ ಹೊದ್ದಿದ್ದಳು. ಮ್ಯಾನೇಜರರು ಮಾಮೂಲಿನ ಹಾಗೆ ತಲೆಯಿಂದ ಕಾಲಿನವರೆಗೆ ಬಿಳಿ. ಮಧ್ಯಾಹ್ನ ಇಸ್ತ್ರಿಯಮ್ಮನೇ ಗಂಜಿ ಹಾಕಿ ತಿಕ್ಕಿಕೊಟ್ಟ ಅಂಗಿ ನಡೆದರೆ ಸರಸರ ಎನ್ನುತ್ತಿತ್ತು.

"ಒಂಬತ್ತು ಗಂಟೆ," ಎಂದು ಮ್ಯಾನೇಜರರು ಗಡಿಯಾರ ನೋಡಿ ಮುಂದೆ ನಡೆದರು. ಎಲ್ಲಿ ಹೋದರೂ ಮುಂದೆ ನಡೆಯುವುದು ಅವರ ಅಭ್ಯಾಸ. ನಡೆಯುತ್ತ ಮಾತಾಡುವುದೂ.

ಇಸ್ತ್ರಿಯಮ್ಮ ಟಾರ್ಚು ಒತ್ತಿದಳು. ಚೇಳು ಬಿಡಿ, ಮರಳೂ ಕಾಣಲಿಲ್ಲ. ಕಂಡದ್ದು ಮ್ಯಾನೇಜರರು. ಪ್ಯಾಂಟು, ಅಂಗಿಯ ಬೆನ್ನು, ಕಾಲರು ಎಲ್ಲವೂ ನೀಲಿ ಬೆಂಕಿ ಹತ್ತಿಕೊಂಡ ಹಾಗೆ ಉರಿಯುತ್ತಿತ್ತು; ತಲೆ, ಕೈಗಳು ಮಾತ್ರ ಮಾಯ. ತಲೆಯಿಲ್ಲದ ಅಂಗಿಯೊಂದು ಖರ್ಚುವೆಚ್ಚದ ಬಗ್ಗೆ ಮಾತಾಡುತ್ತ ಮರಳುಗಾಡಿನಲ್ಲಿ ಹೋಗುತ್ತಿತ್ತು. ನಾದಿನಿ ಬಾಯಿಗೆ ಕಂಬಳಿ ತುರುಕಿಕೊಂಡಳು.

ಇಸ್ತ್ರಿಯಮ್ಮ ಬೆಳಕನ್ನು ಎಡಕ್ಕೆ ತಿರುಗಿಸಿದರೆ ಅವರೂ ಏನಿದೆ ಎಂದು ಎಡಕ್ಕೆ ಬರುತ್ತಿದ್ದರು. ಬಲಕ್ಕೆ ತಿರುಗಿಸಿದರೆ ಬಲಕ್ಕೆ. ಪ್ರತಿ ಸಲವೂ ಆ ಪ್ಯಾಂಟಿನ ಹೊಳಪಿಗೆ ಕಣ್ಣು ಕುಕ್ಕಿ, ಮತ್ತೆ ಕತ್ತಲೆಗೆ ಹೊಂದಿಕೊಳ್ಳುವಷ್ಟರಲ್ಲಿ ಅವರು ಪುನಃ ಎದುರಿಗೆ. ಹೀಗೆ ಇಪ್ಪತ್ತೈದು ನಿಮಿಷ ಕಳೆಯಿತು. ಒಂದು ಚೇಳೂ ಇಲ್ಲ.

"ಪಟ್ಟಣದವನು ಪುಸ್ತಕ ಓದಿದಾನಂತೆ," ಎಂದಿತು ಅಂಗಿ. "ನೋಡೋಣ. ಇನ್ನೂ ಮೂವತ್ತೈದು ನಿಮಿಷ ಇದೆ."

ಇಸ್ತ್ರಿಯಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೇಳಿದರೆ ಸಿಟ್ಟು ಮಾಡಿಕೊಂಡು ವಾಪಸು ಹೊರಟಾರು. ಹೇಳದಿದ್ದರೆ ಕೆಲಸ ಹೋದಂತೆಯೇ. ಮೂವತ್ತು ವರ್ಷ ತಾನು ಒಪ್ಪ ಮಾಡಿ ಕೊಟ್ಟ ಬಿಳುಪೇ ಈಗ ಎದುರಿಗೆ ಗೋಡೆಯಾಗಿ ನಿಂತಿದೆ. ಅವಳು ಟಾರ್ಚು ಆರಿಸಿದಳು.

"ಸಾರ್, ನಿಂತ್ಕೊಳ್ಳಿ."

ಮ್ಯಾನೇಜರರಿಗೆ ಯಾರೂ ಹಾಗೆ ಹೇಳಿ ಗೊತ್ತಿರಲಿಲ್ಲ. ಆಶ್ಚರ್ಯಕ್ಕೇ ನಿಂತರು.

"ನಿಮ್ಮ ಬಟ್ಟೆ ತುಂಬ ಬೆಳ್ಳಗಿದೆ ಸಾರ್."

"ಥ್ಯಾಂಕ್ಸ್."

"ಹೊಗಳಿದ್ದಲ್ಲ ಸಾರ್. ಆ ಬಿಳುಪಿನ ಪುಡಿ ಈ ಬೆಳಕಿಗೆ ಉರಿಯುತ್ತೆ. ನೀವು ಮುಂದಿದ್ರೆ ನನಗೆ ನೀವೇ ಕಾಣೋದು, ಚೇಳು ಕಾಣಲ್ಲ. ಬೇಕಾದ್ರೆ ನೋಡಿಕೊಳ್ಳಿ."

ಟಾರ್ಚನ್ನು ಅವರ ಎದೆಗೆ ಹಿಡಿದಳು. ಮ್ಯಾನೇಜರರು ತಲೆ ಬಗ್ಗಿಸಿ ನೋಡಿಕೊಂಡರು. ಹೊಳೆಯುವ ಅಂಗಿಯ ಮೇಲೆ, ಎರಡನೇ ಗುಂಡಿಯ ಪಕ್ಕದಲ್ಲಿ, ರಾತ್ರಿಯೂಟದ ಸಾರು ಬಿದ್ದ ಗುರುತು ಕಪ್ಪಗೆ ಬಾಲ ಬಿಟ್ಟುಕೊಂಡು ಇಳಿದಿತ್ತು. ಅವರು ಕರವಸ್ತ್ರ ತೆಗೆದು ಒರೆಸಿಕೊಳ್ಳಲು ಹೋದರು. ಕರವಸ್ತ್ರದಲ್ಲಿ ಇನ್ನೂ ಮೂರಿದ್ದವು.

"ಇದೇನ್ರೀ ಇದು!" ಎಂದರು. ದನಿ ಅರ್ಧ ಇಳಿದಿತ್ತು.

"ಎಲ್ಲರದೂ ಹಾಗೇ ಸಾರ್. ಮೇಲೆ ಏನಾದ್ರೂ ಹೊದ್ದುಕೊಳ್ಳಿ. ಒಗೆಯದೇ ಇರೋದು."

ಒಗೆಯದ್ದು ಮ್ಯಾನೇಜರರ ಹತ್ತಿರ ಎಲ್ಲಿಂದ ಬರಬೇಕು? ನಾದಿನಿ ಒಂದು ಹೆಜ್ಜೆ ಮುಂದೆ ಬಂದು ತನ್ನ ಕಂಬಳಿ ಚಾಚಿದಳು. "ತಗೊಳ್ಳಿ ಸಾರ್. ನಮ್ಮಣ್ಣ ಇದ್ದಾಗ ಒಂದ್ಸಲ ನೀರು ಕಂಡಿತ್ತು. ಆಮೇಲೆ ಆಣೆ ಮಾಡಿ ಹೇಳ್ತೀನಿ, ಒಂದು ಹನಿ ಇಲ್ಲ."

"ನಾನು ಮ್ಯಾನೇಜರು!"

"ಕತ್ತಲಲ್ಲಿ ಚೇಳಿಗೆ ಅದೆಲ್ಲಿ ಗೊತ್ತಾಗುತ್ತೆ ಸಾರ್," ಎಂದಳು ಇಸ್ತ್ರಿಯಮ್ಮ. "ಮುಸುಕಿನ ತರ ತಲೆಗೂ ಎಳ್ಕೊಳ್ಳಿ, ಕಾಲರು ಕಾಣಬಾರದು. ಮತ್ತೆ ನನ್ನ ಹಿಂದೆ ಬನ್ನಿ."

ಈರುಳ್ಳಿ, ಹೊಗೆ, ಹನ್ನೊಂದು ವರ್ಷದ ಬೆವರು ಎಲ್ಲವೂ ಒಟ್ಟಿಗೆ ಮೂಗಿಗೆ ಹೊಡೆದಿರಬೇಕು. ಮ್ಯಾನೇಜರರು ಒಂದು ಸಲ ಸೀನಿದರು, ಎರಡು ಸಲ ಸೀನಿದರು. ಆದರೆ ತಿರುಗಿ ಹೋಗಲಿಲ್ಲ. ಹಿಂದೆ ನಿಂತರು.

ಇಸ್ತ್ರಿಯಮ್ಮ ಕಣ್ಣು ಮುಚ್ಚಿ ಇಪ್ಪತ್ತು ಎಣಿಸಿದಳು. ಆಮೇಲೆ ಟಾರ್ಚು ಒತ್ತಿ, ಹಾಸುಬಟ್ಟೆಯ ಮೇಲೆ ಪೆಟ್ಟಿಗೆ ಆಡಿಸುವ ಹಾಗೆ, ಈ ಅಂಚಿನಿಂದ ಆ ಅಂಚಿಗೆ, ಒಂದು ಪಟ್ಟಿಯೂ ಬಿಡದೆ, ನಿಧಾನವಾಗಿ ಬೆಳಕು ಹಾಯಿಸಿದಳು. ಮರಳು ಕಪ್ಪಗಿತ್ತು. ಕಲ್ಲು ಕಪ್ಪಗಿತ್ತು. ಒಣಗಿದ ಪೊದೆಯೊಂದರ ಬುಡದಲ್ಲಿ, ಏಳು ಹೆಜ್ಜೆ ದೂರದಲ್ಲಿ, ಯಾರೋ ಹಸಿರು ಬೆಳಕಿನಲ್ಲಿ ಬರೆದಿಟ್ಟ ಹಾಗೆ ಒಂದು ಚೇಳು ಕೊಂಡಿ ಎತ್ತಿಕೊಂಡು ನಿಂತಿತ್ತು.

"ಓಹ್," ಎಂದಿತು ಕಂಬಳಿ.

ಎರಡನೆಯದು ಕಲ್ಲಿನ ಸಂದಿಯಲ್ಲಿ, ಇಕ್ಕಳ ಎರಡನ್ನೇ ಹೊರಗಿಟ್ಟುಕೊಂಡು. ಮೂರನೆಯದು ಸಿಗುವುದು ತಡವಾಯಿತು. ನಾದಿನಿ ಚಳಿಗೆ ಹಲ್ಲು ಕಡಿಯುತ್ತ, "ಅತ್ತಿಗೆ, ಆ ಇಸ್ತ್ರಿ ಆಗಿರೋದನ್ನ ತಂದಿದೀಯಾ? ಮೆಲ್ಲಗೆ ಕೆಳಗೆ ಬಿಡಲಾ?" ಎಂದು ಕಿವಿಯಲ್ಲಿ ಕೇಳಿದಳು. ಇಸ್ತ್ರಿಯಮ್ಮ ಮೊಣಕೈಯಲ್ಲಿ ತಿವಿದಳು. ಮರಳು ದಿಬ್ಬದ ಮಗ್ಗುಲಿಗೆ ಹೋಗಿ, ತಗ್ಗಾಗಿ ಕೂತು, ನೆಲಕ್ಕೆ ಸಮನಾಗಿ ಬೆಳಕು ಬಿಟ್ಟಳು. ದೊಡ್ಡದೊಂದು ಹಸಿರು ಚೇಳು ನಿಧಾನಕ್ಕೆ ಹೋಗುತ್ತಿತ್ತು. ಆದರೆ ಅದರ ಬೆನ್ನು ಹೊಳೆಯುತ್ತಿರಲಿಲ್ಲ, ಮಂಕಾಗಿ ಉಬ್ಬಿಕೊಂಡಿತ್ತು.

"ಅದರ ಬೆನ್ನಿಗೆ ಏನಾಗಿದೆ?" ಎಂದು ಮ್ಯಾನೇಜರರು ಪಿಸುಗುಟ್ಟಿದರು.

"ಮರಿಗಳು ಸಾರ್. ತಾಯಿ ಹೊತ್ಕೊಂಡು ಹೋಗ್ತಾ ಇದೆ. ಒಂದು ಸಲ ಪೊರೆ ಬಿಡೋವರೆಗೂ ಮರಿ ಹೊಳೆಯಲ್ಲ."

"ಇದನ್ನ ನೀವು ಎಲ್ಲಿ ಓದಿದ್ರಿ?"

"ದಿಂಬಿನ ಚೀಲದಲ್ಲಿ ಸಾರ್. ಒಂದು ಮಳೆಗಾಲ ಅಲ್ಲೇ ಸಂಸಾರ ಹೂಡಿತ್ತು. ಗಡ್ಡದ ಅತಿಥಿ ಬೆಳಕು ಬಿಟ್ಟು ತೋರಿಸಿದ್ರು."

ಮ್ಯಾನೇಜರರು ಗಡಿಯಾರ ನೋಡಲು ಕೈ ಹೊರಗೆ ತೆಗೆದರು. ತೋಳಿನ ಅಂಚು ಭಗ್ಗೆಂದು ಹೊತ್ತಿಕೊಂಡಿತು, ಗಾಬರಿಯಾಗಿ ಒಳಗೆಳೆದುಕೊಂಡರು. ತಾಯಿ ಚೇಳು ಒಂದು ಗಳಿಗೆ ನಿಂತು ಮತ್ತೆ ಹೊರಟಿತು.

"ಸರಿ," ಎಂದರು ಕಂಬಳಿಯೊಳಗಿಂದಲೇ. "ಕೆಲಸ ನಿಮ್ಮದು. ಯಾವತ್ತಿಂದ ಶುರು ಮಾಡ್ತೀರಿ?"

ಇಸ್ತ್ರಿಯಮ್ಮ ಚೇಳಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಶುರುವಾಗಿ ಅರ್ಧ ಗಂಟೆ ಆಯ್ತು ಸಾರ್. ಸ್ವಲ್ಪ ಮಾತು ನಿಲ್ಲಿಸಿ, ನನ್ನ ಹೆಜ್ಜೆ ಮೇಲೇ ಹೆಜ್ಜೆ ಇಟ್ಕೊಂಡು ಬನ್ನಿ. ನಿಮ್ಮ ಎಡಗಾಲಿನ ಹತ್ತಿರ ನಾಲ್ಕನೆಯದಿದೆ."